ಐದು ಸೆಕೆಂಡು ಹಿಂದೆ ಬಿದ್ದ ಮಾತು

ಸಿಂಕಕ್ಕ ಅಂತ ಅವಳಿಗೆ ಮೊದಲು ಹೆಸರಿಟ್ಟವರು ಕ್ಯಾಂಟೀನಿನವರೋ, ಮೇಲಿನ ಮಹಡಿಯ ಎಡಿಟಿಂಗ್‌ನವರೋ, ಈಗ ಯಾರಿಗೂ ನೆನಪಿಲ್ಲ. ಹೆಸರು ಮಾತ್ರ ಅಂಟಿದ್ದು ಅಂಟಿಯೇ ಬಿಟ್ಟಿತು. ಚಿತ್ರಕ್ಕೂ ಸದ್ದಿಗೂ ತಾಳೆ ಕೂಡಿಸುವುದಕ್ಕೆ ಆ ಟೀವಿ ಕಚೇರಿಯಲ್ಲಿ ಸಿಂಕ್ ಅನ್ನುತ್ತಿದ್ದರು. ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದವಳು ಸಿಂಕಕ್ಕ ಆಗದೆ ಇನ್ನೇನಾದಾಳು?

ಅವಳ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ. ಗೋಡೆಗೆಲ್ಲ ಸದ್ದು ಹೀರುವ ಬೂದು ಬಣ್ಣದ ಸ್ಪಂಜು. ಅದರ ಒಂದು ಮೂಲೆ ಕಿತ್ತುಬಂದು ಮುದಿ ನಾಯಿಯ ಕಿವಿಯ ಹಾಗೆ ಜೋತುಬಿದ್ದಿತ್ತು. ಕುರ್ಚಿಯ ಎಡಗೈ ಮುರಿದಿದ್ದಕ್ಕೆ ಟೇಪು ಸುತ್ತಿದ್ದಳು, ಆ ಟೇಪೂ ಈಗ ಬಿಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಹಾಕಿದ ಹೆಡ್‌ಫೋನನ್ನು ಸಂಜೆ ತೆಗೆಯುವ ಹೊತ್ತಿಗೆ ಕಿವಿಯ ಹಿಂದೆ ಕೆಂಪಗೆ ಗೆರೆ ಮೂಡಿರುತ್ತಿತ್ತು. ಮನೆಗೆ ಹೋದರೂ ಕಿವಿಯೊಳಗೆ ಒಂದು ಸಣ್ಣ ಗುಂಯ್ ಅನ್ನುವುದು ನಿಲ್ಲುತ್ತಿರಲಿಲ್ಲ. ಹಾಲು ಉಕ್ಕಿ ಒಲೆ ಆರಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಊರ ಸದ್ದಿಗೆಲ್ಲ ಕಿವಿ ಕೊಡ್ತೀಯ, ಮನೇಲಿ ಕೂಗಿದ್ರೆ ಮಾತ್ರ ಕಿವುಡಿ," ಅಂತ ಗಂಡ ಅನ್ನುತ್ತಿದ್ದ. ಅವನು ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಹಾರ್ನು, ಬಯ್ಗುಳ, ಬ್ರೇಕಿನ ಕಿರುಚಾಟ ಕೇಳಿ ಬಂದವನಿಗೆ ಮನೆಯಲ್ಲಿ ಯಾರೂ ಮಾತಾಡದಿದ್ದರೆ ಅದೇ ಹಬ್ಬ. ಹಾಗಾಗಿ ಗಂಡಹೆಂಡಿರ ನಡುವೆ ಜಗಳ ಕಡಿಮೆ. ಪ್ರೀತಿ ಹೆಚ್ಚಿ ಅಲ್ಲ, ತ್ರಾಣ ಸಾಲದೆ.

ಅವಳ ಕೆಲಸವನ್ನು ಬಾಯಿಮಾತಲ್ಲಿ ಹೇಳುವುದಾದರೆ ಇಷ್ಟೇ. ಸಿನಿಮಾ ಫಿಲಂ ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರದ ಹಾಗೆ ಓಡುತ್ತದೆ. ಅವರ ಟೀವಿಯದು ಸೆಕೆಂಡಿಗೆ ಇಪ್ಪತ್ತೈದರ ನಡಿಗೆ. ಹಿಂದೆಲ್ಲ ಫಿಲಂ ಒಂದನ್ನು ಟೀವಿಗೆ ಹಾಕಬೇಕಾದರೆ ಅದನ್ನು ಒಂಚೂರು ಬೇಗ ಓಡಿಸಿಬಿಡುತ್ತಿದ್ದರು. ನೋಡುವವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಆದರೆ ಚಿತ್ರ ಎಷ್ಟು ಓಡುತ್ತದೋ ಸದ್ದೂ ಅಷ್ಟೇ ಓಡಬೇಕು. ಇಲ್ಲದಿದ್ದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗತಿ. ಓಡಿಸಿದ ಸದ್ದು ತೆಳ್ಳಗೂ ಆಗುತ್ತದೆ. ಗಡಸು ಗಂಟಲಿನವನ ದನಿ ಮೀಸೆ ಮೂಡದ ಹುಡುಗನ ದನಿಯಾಗುತ್ತದೆ.

ಈಗ ಕಚೇರಿಯವರು ಉಗ್ರಾಣದ ಹಳೆಯ ಫಿಲಂಗಳನ್ನೆಲ್ಲ ತೆಗೆದು ತೊಳೆದು, ಅವುಗಳ ಸ್ವಂತ ನಡಿಗೆಯಲ್ಲೇ, ಇಪ್ಪತ್ನಾಲ್ಕರಲ್ಲೇ ಉಳಿಸಿಕೊಳ್ಳಲು ಹೊರಟಿದ್ದರು. ಚಿತ್ರದ ಮೂಲವೇನೋ ಗಟ್ಟಿಯಾಗಿತ್ತು. ಸದ್ದಿನ ಮೂಲ ಟೇಪುಗಳು ಬೂಷ್ಟು ಹಿಡಿದು ಹೋಗಿದ್ದವು. ಟೀವಿಗೆಂದು ಓಡಿಸಿ ಇಟ್ಟಿದ್ದ ಸದ್ದಷ್ಟೇ ಉಳಿದಿತ್ತು. ಅದನ್ನು ಮತ್ತೆ ನಿಧಾನಕ್ಕೆ ಇಳಿಸಿ, ಚಿತ್ರದ ಹೆಜ್ಜೆಗೆ ಹೆಜ್ಜೆ ಕೂಡಿಸಿ ಕೊಡುವುದು ಸಿಂಕಕ್ಕನ ಪಾಲಿಗೆ ಬಿದ್ದಿತ್ತು. ಒಂದು ಮುಗಿಸಿದರೆ ಇನ್ನೊಂದು. ಉಗ್ರಾಣ ಅನ್ನುವುದು ಅಕ್ಷಯಪಾತ್ರೆ, ತೆಗೆದಷ್ಟೂ ಇತ್ತು. ಹಳೆಯ ಟೇಪು ಓಡಿಸುವ ಯಂತ್ರವೋ, ಇವತ್ತೋ ನಾಳೆಯೋ ಅನ್ನುವ ಸ್ಥಿತಿಯಲ್ಲಿತ್ತು.

"ಅದು ಪ್ರಾಣ ಬಿಡೋದ್ರೊಳಗೆ ಎಲ್ಲ ಮುಗಿಸಿಬಿಡೋಣ ಅಕ್ಕ," ಅನ್ನುತ್ತಿದ್ದ ಮುಖ್ಯಸ್ಥ. ಅವಳಿಗಿಂತ ಚಿಕ್ಕವನು, ಒಳ್ಳೆಯವನೇ. ಅವನ ಕಣ್ಣ ಕೆಳಗೂ ಕಪ್ಪಾಗಿತ್ತು.

"ಅದೋ ನಾನೋ, ಯಾರು ಮೊದಲು ಅಂತ ನೋಡೋಣ," ಅನ್ನುತ್ತಿದ್ದಳು ಅವಳು.

ಹೀಗಿರುವಾಗ ಗಾಜಿನ ಕಾರ್ಖಾನೆಯ ಮುಷ್ಕರದ ಚಿತ್ರ ಅವಳ ಮೇಜಿಗೆ ಬಂತು.

ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅದೇ ಊರಿನ ಚಿತ್ರ, ಅದೇ ಊರಿನ ಉಗ್ರಾಣ. ಈ ತನಕ ಅದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಆದರೆ ಅದರ ಕೊನೆಯಲ್ಲಿ ಬರುವ ಒಂದು ಮಾತು ಮದುವೆಯಾಗಿ ಬಂದ ದಿನದಿಂದ ಅವಳ ಮನೆಯ ಸೂರಿನ ಕೆಳಗೇ ಇತ್ತು.

ಅವಳ ಮಾವ ಆ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವರು. ಮುಷ್ಕರ ನಡೆದಾಗ ಮುಂದಾಳುಗಳಾದ ಐದು ಜನರಲ್ಲಿ ಅವರೂ ಒಬ್ಬರು. ಚಳಿಗಾಲ ಪೂರ್ತಿ ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ಕೂತ ಜನ ಕೊನೆಗೆ ಸೋತು ಒಳಗೆ ಹೋದರು. ಅರ್ಧದಷ್ಟು ಜನರ ಕೆಲಸವೇ ಹೋಯಿತು. ಅದಾಗಿ ಸ್ವಲ್ಪ ಕಾಲಕ್ಕೆ ಈ ಚಿತ್ರ ಟೀವಿಯಲ್ಲಿ ಬಂತು. ಕೊನೆಯಲ್ಲಿ ಮಾತುಕತೆಯ ಕೋಣೆ. ಕೈಗಳಿಂದ ಮುಖ ಮುಚ್ಚಿಕೊಂಡು ಕೂತಿದ್ದ ಮಾವ ತಲೆ ಎತ್ತುತ್ತಾರೆ. "ಸಾಕು, ಇಲ್ಲಿಗೆ ಮುಗಿಸೋಣ" ಅನ್ನುವ ಮಾತು ಕೇಳುತ್ತದೆ. ಇಡೀ ಬೀದಿ ಅದನ್ನು ನೋಡಿತು. ಅವತ್ತಿನಿಂದ ಮಾವ 'ಮುಗಿಸಪ್ಪ' ಆದರು. ಅಂಗಡಿಯಲ್ಲಿ ಮುಗಿಸಪ್ಪ, ಕ್ಷೌರದ ಕುರ್ಚಿಯಲ್ಲಿ ಮುಗಿಸಪ್ಪ. ಶಾಲೆಯಲ್ಲಿ ಅವಳ ಗಂಡ ಮುಗಿಸಪ್ಪನ ಮಗ. ಊಟ ಬೇಗ ಮುಗಿಸಿದರೂ ನಗು, ಲೆಕ್ಕ ಮುಗಿಸದಿದ್ದರೂ ನಗು. ಒಂದು ಸಲ ಹುಡುಗರೆಲ್ಲ ಸೇರಿ ಅವನ ಹಲ್ಲು ಮುರಿದರು. ಕೊನೆಗೆ ಸಂಸಾರ ಆ ಬೀದಿಯನ್ನೇ ಬಿಟ್ಟು ಊರಿನ ಇನ್ನೊಂದು ತುದಿಗೆ ಬಂತು.

ಹಲ್ಲು ಕಟ್ಟಿಸಿಕೊಂಡದ್ದಾಯಿತು. ಆದರೆ ಗಂಡ ಅಪ್ಪನ ಹತ್ತಿರ ಇವತ್ತಿಗೂ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದ. ಔಷಧಿ ತಗೊಂಡ್ಯಾ, ಬಾಗಿಲು ಹಾಕ್ಕೋ, ಅಷ್ಟೇ. ಹಳೆಯ ಗೆಳೆಯರೆಲ್ಲ ಮಾವನನ್ನು ಕೈಬಿಟ್ಟಿದ್ದರು. ಉಳಿದದ್ದು ಒಬ್ಬ, ಉದ್ದಣ್ಣ. ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಮನುಷ್ಯ, ಆ ಐವರಲ್ಲಿ ಒಬ್ಬ. ಮಿಕ್ಕ ಮೂವರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬ ಯಾವುದೋ ದೂರದ ಊರು ಸೇರಿದ್ದ. ಉದ್ದಣ್ಣ ಮಾತ್ರ ಭಾನುವಾರ ತಪ್ಪಿಸಿದವನಲ್ಲ. ಮಧ್ಯಾಹ್ನ ಬಂದು, "ಚಹಾಕ್ಕೆ ಸಕ್ಕರೆ ಸ್ವಲ್ಪ ಮುಂದಾಗಿ ಹಾಕಮ್ಮ," ಅಂತ ಗುಡುಗಿನಂಥ ದನಿಯಲ್ಲಿ ಹೇಳಿ, ಮಾವನ ಎದುರು ಇಸ್ಪೀಟು ಹಿಡಿದು ಕೂತನೆಂದರೆ ದೀಪ ಹಚ್ಚುವ ಹೊತ್ತಿಗೇ ಏಳುತ್ತಿದ್ದುದು.

ಇಷ್ಟೂ ತಲೆಯಲ್ಲಿಟ್ಟುಕೊಂಡೇ ಸಿಂಕಕ್ಕ ಚಿತ್ರವನ್ನು ಓಡಿಸಿದಳು. ಒಂದು ಗಂಟೆಯಷ್ಟು ಉದ್ದದ್ದು. ಹೆಚ್ಚಿನ ಪಾಲು ಹಿನ್ನೆಲೆಯ ವಿವರಣೆ, ಕುಲುಮೆಯ ಭೋರ್ಗರೆತ, ಗೇಟಿನ ಮುಂದಿನ ಗದ್ದಲ. ಎಲ್ಲರ ಮೂಗುಬಾಯಿಗೂ ಮಫ್ಲರು. ಇಪ್ಪತ್ತೈದರ ಸದ್ದನ್ನು ಇಪ್ಪತ್ನಾಲ್ಕಕ್ಕೆ ಇಳಿಸುವ ಲೆಕ್ಕ ಅವಳಿಗೆ ಉಸಿರಾಡಿದಷ್ಟು ಸಲೀಸು. ಇಳಿಸಿ, ಮೊದಲಿಗೆ ಒಂದು ಸೀಸೆ ಬಿದ್ದು ಒಡೆಯುವ ಕಡೆ ನೋಡಿದಳು. ಸರಿಯಾಗಿ ಕೂತಿತ್ತು. ನಡುವಿನಲ್ಲಿ ಒಬ್ಬ ಗೇಟಿಗೆ ತೂಗುಹಾಕಿದ್ದ ಕಬ್ಬಿಣದ ಕಂಬಿಗೆ ಸುತ್ತಿಗೆಯಿಂದ ಬಾರಿಸುತ್ತಾನೆ. ಸುತ್ತಿಗೆ ಬಿತ್ತು. ಸದ್ದು ಬರಲಿಲ್ಲ. ಆತ ಸುತ್ತಿಗೆ ಕೆಳಗಿಟ್ಟು ಕೈ ಒರೆಸಿಕೊಂಡ ಮೇಲೆ ಠಣ್ ಅಂತು.

"ಹಾಳಾಗ್ಲಿ," ಅಂದಳು.

ಮೊದಲಲ್ಲಿ ಸರಿ, ನಡುವೆ ತಪ್ಪು ಅಂದರೆ ಸದ್ದು ಬರಬರುತ್ತಾ ಹಿಂದೆ ಬೀಳುತ್ತಿದೆ ಅಂತ ಅರ್ಥ. ಅಂದರೆ ಆಗಿನ ಕಾಲದಲ್ಲೇ ಯಾರೋ ಲೆಕ್ಕ ತಪ್ಪಿದ್ದಾರೆ. ಇಪ್ಪತ್ನಾಲ್ಕನ್ನು ಇಪ್ಪತ್ತೈದು ಮಾಡಬೇಕಾದರೆ ನೂರಕ್ಕೆ ನಾಲ್ಕು, ಅದರ ಮೇಲೊಂದು ಚೂರು ಸೇರಿಸಬೇಕು. ಆ ಪುಣ್ಯಾತ್ಮ ನಾಲ್ಕು ಅಂತ ಗುಂಡಗೆ ಹಾಕಿ, ಚೂರನ್ನು ಕೈಬಿಟ್ಟು ಮುಂದಿನ ಕೆಲಸಕ್ಕೆ ಹೋಗಿದ್ದ. ಅವನಿಗೂ ದಣಿವಾಗಿತ್ತೋ ಏನೋ. ಹಾಡೋ ನಾಟಕವೋ ಆಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಬರೀ ಗದ್ದಲ, ಬಾಯಿಗೆಲ್ಲ ಮಫ್ಲರು, ಯಾರಿಗೂ ತಿಳಿಯಲಿಲ್ಲ. ಆ ಚೂರೇ ಗಂಟೆಯ ಕೊನೆಗೆ ಬರುವಾಗ ಐದು ಸೆಕೆಂಡಿಗೂ ಮಿಕ್ಕಿ ಬೆಳೆದಿತ್ತು.

ಐದು ಸೆಕೆಂಡು ಅಂದಾಗ ಅವಳ ಕೈ ತಾನಾಗಿ ನಿಂತಿತು. ಕೊನೆಯ ಕೋಣೆ ನೆನಪಿಗೆ ಬಂತು.

ಅವನು ಹಾಕಿದ ತಪ್ಪು ಲೆಕ್ಕವನ್ನೇ ತಿರುವು ಹಾಕಿ ಸದ್ದನ್ನು ಮತ್ತೆ ಇಳಿಸಿದಳು. ಸುತ್ತಿಗೆ ಬಿತ್ತು, ಠಣ್ ಅಂತು. ಆಮೇಲೆ ಕೊನೆಗೆ ಹೋದಳು.

ಗಾಜಿನ ಅಡ್ಡಗೋಡೆಯ ಆಚೆಯಿಂದ ತೆಗೆದ ದೃಶ್ಯ. ಒಳಗೆ ಮೇಜು, ಮೇಜಿನ ಮೇಲೆ ಮೈಕು, ಸುತ್ತ ನಿದ್ದೆಗೆಟ್ಟ ಜನ. ಗಾಜಿನ ಮೇಲೆ ದೀಪದ ಹೊಳಪು ಬಿದ್ದು ಬಾಯಿಗಳು ಕಾಣುವುದಿಲ್ಲ. ಕ್ಯಾಮೆರಾಕ್ಕೆ ಬೆನ್ನು ಹಾಕಿ ಒಬ್ಬ ಉದ್ದನೆಯವನು; ಅವನೆದುರು, ಅಂಗೈಗಳಲ್ಲಿ ಮುಖ ಹೂತುಕೊಂಡು ಮಾವ. ಉದ್ದನೆಯವನ ಭುಜ ಒಮ್ಮೆ ಮೇಲೆದ್ದು ಕುಸಿಯಿತು. ಆಗಲೇ ಆ ಮಾತು ಬಂತು. "ಸಾಕು, ಇಲ್ಲಿಗೆ ಮುಗಿಸೋಣ." ಮಾವನ ಮುಖ ಇನ್ನೂ ಅಂಗೈಯೊಳಗೇ ಇತ್ತು. ಒಂದಿಷ್ಟು ಹೊತ್ತು ಯಾರೂ ಅಲುಗಲಿಲ್ಲ. ಆಮೇಲೆ ಮಾವ ಕೈ ತೆಗೆದು ತಲೆ ಎತ್ತಿದರು. "ಕುಡಿಯೋಕೆ ಸ್ವಲ್ಪ ನೀರಿದ್ರೆ ಕೊಡಿ."

ಹಳೆಯ ಪ್ರತಿಯಲ್ಲಿ ಈ ನೀರಿನ ಮಾತು ಮುಂದಿನ ದೃಶ್ಯದ ಮೇಲೆ, ಖಾಲಿ ಬೆಂಚಿದ್ದ ಒಂದು ಪಡಸಾಲೆಯ ಮೇಲೆ ಬಿದ್ದಿತ್ತು. ಯಾರೋ ದಾರಿಹೋಕ ಕೇಳಿದ್ದು ಅಂತ ಜನ ಅಂದುಕೊಂಡಿರಬೇಕು. ಅಂದುಕೊಳ್ಳುವಷ್ಟು ಗಮನವನ್ನೂ ಕೊಟ್ಟಿರಲಿಕ್ಕಿಲ್ಲ.

ಓಡಿಸಿದ ಸದ್ದಿನಲ್ಲಿ ಎಲ್ಲರ ದನಿಯೂ ಒಂದೇ ಥರ ಕೀರಲಾಗಿತ್ತು. ಈಗ ತನ್ನ ಮಟ್ಟಕ್ಕೆ ಇಳಿದು ಕೂತಿತ್ತು. ನೀರು ಕೇಳಿದ್ದು ಮಾವನೇ. ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೇ, 'ಇದ್ದರೆ' ಅನ್ನುವುದನ್ನು ಸೇರಿಸಿಯೇ ಕೇಳುತ್ತಿದ್ದರು, ಇಲ್ಲದೆ ಹೋದೀತೇನೋ ಅನ್ನುವ ಹಾಗೆ. ಇನ್ನೊಂದು ದನಿಯ ಬಗೆಗೂ ಅವಳಿಗೆ ಸಂಶಯ ಉಳಿಯಲಿಲ್ಲ. ಚಹಾಕ್ಕೆ ಸಕ್ಕರೆ ಮುಂದಾಗಿ ಕೇಳುವ ಗಂಟಲು ಅದು. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಸಂತೋಷವಾಗಬೇಕಿತ್ತು. ಬದಲಿಗೆ ತಲೆಯ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗಾಯಿತು.

ಮುಖ್ಯಸ್ಥನ ಹತ್ತಿರ ಹೋಗಿ, ಹಳೆಯ ಸದ್ದಿನಲ್ಲಿ ತಪ್ಪಿದೆ, ಪೂರ್ತಿ ಸರಿಮಾಡಿ ಪರೀಕ್ಷೆ ಮಾಡಲು ಸಮಯ ಬೇಕು ಅಂದಳು. ಮನೆಯ ವಿಷಯ ಎತ್ತಲಿಲ್ಲ.

"ಅಕ್ಕ, ಇಷ್ಟು ವರ್ಷ ಯಾರೂ ಗುರುತಿಸಿಲ್ಲ ಅಂದ್ಮೇಲೆ ಇನ್ನು ಯಾರು ಗುರುತಿಸ್ತಾರೆ? ಮತ್ತೆ ಟೀವೀಲಿ ಇದ್ದಂಗೇ ಹಾಕಿದ್ರೂ ನಡೆಯುತ್ತೆ. ಮಾಡ್ಲೇಬೇಕು ಅಂದ್ರೆ ಮಾಡಿ. ನಿಮಗೆ ಬಿಟ್ಟಿದ್ದು."

ನಿಮಗೆ ಬಿಟ್ಟಿದ್ದು! ಯಾರಾದರೂ ಮಾಡಬೇಡ ಅಂದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತು ಸಂಜೆ ಮಾವ ಅಡುಗೆಮನೆಯ ಮೇಜಿನ ಮುಂದೆ ಕೂತು ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದರು. ಅವಳು ಎದುರಿಗೆ ಕೂತು, ಅವರಿಗೆ ತಿಳಿಯುವ ಹಾಗೆ ಎಲ್ಲ ಹೇಳಿದಳು. ಚಿತ್ರ ಮುಂದೆ ಹೋಗಿದ್ದು, ಸದ್ದು ಹಿಂದೆ ಬಿದ್ದಿದ್ದು, ಮಾತು ಬೇರೆಯವರ ಮುಖಕ್ಕೆ ಅಂಟಿದ್ದು. ಮಾವನ ಕೈ ಹೆರೆಯುತ್ತಲೇ ಇತ್ತು. ಸಿಪ್ಪೆ ಹೋಗಿ ಆಲೂಗಡ್ಡೆಯೂ ಅರ್ಧ ಆಯಿತು.

"ನೀರು ಕೇಳಿದ್ನಾ ನಾನು?" ಅಂದರು ಕೊನೆಗೆ.

"ಹೂಂ ಮಾವ. ನಿಮ್ಮದೇ ದನಿ."

"ನಾನೇ ಹೇಳಿದ್ದೆ ಅಂದ್ಕೊಂಡಿದ್ದೆ ಕಣಮ್ಮ."

ಅವಳಿಗೆ ಅರ್ಥವಾಗಲಿಲ್ಲ. "ನಿಮಗೆ ಗೊತ್ತಿರಲಿಲ್ವಾ?"

"ಎಷ್ಟು ರಾತ್ರಿ ನಿದ್ದೆ ಇರಲಿಲ್ಲ ಅಂತ ನೆನಪಿಲ್ಲ. ಕಣ್ಣು ಬಿಟ್ಕೊಂಡೇ ಕನಸು ಬೀಳೋದು. ಮುಗಿಸೋಣ, ಮುಗಿಸೋಣ ಅಂತ ಮನಸ್ಸು ಮೊದಲನೇ ದಿನದಿಂದ್ಲೂ ಬಡ್ಕೋತಿತ್ತು. ಟೀವೀಲಿ ನೋಡಿದ್ಮೇಲೆ, ಓಹೋ, ಬಾಯಿಗೂ ಬಂದುಬಿಟ್ಟಿದೆ ಅಂದ್ಕೊಂಡೆ. ಕಣ್ಣಾರೆ ನೋಡಿದ್ದನ್ನ ಇಲ್ಲ ಅಂತ ಹೇಗೆ ಹೇಳ್ಲಿ?" ಚಾಕು ಕೆಳಗಿಟ್ಟರು. "ಹೇಳಿದ್ದು ಯಾರು ಹಾಗಾದ್ರೆ?"

ಅವಳು ಮೇಜಿನ ಮೇಲಿನ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದಳು.

"ಉದ್ದನಾ?"

ಅವಳು ತಲೆ ತಗ್ಗಿಸಿದಳು.

ಮಾವ ಹೆರೆದ ಆಲೂಗಡ್ಡೆಗಳನ್ನೆಲ್ಲ ಒಂದೊಂದಾಗಿ ನೀರಿಗೆ ಹಾಕಿದರು. ಆಮೇಲೆ, "ಹಾಗೇ ಬಿಟ್ಬಿಡು ತಾಯಿ," ಅಂದರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಯಾರ ಬಾಯಿಂದ ಹೋದ್ರೇನು. ಈಗ ನನ್ನ ಮನೆಗೆ ಬರೋನು ಅವನೊಬ್ಬನೇ."

ಗಂಡನಿಗೆ ಹೇಳದಿರುವುದು ಅವಳಿಂದ ಆಗಲಿಲ್ಲ. ಹಲ್ಲು ಮುರಿದದ್ದು ಅವನದು. ಹೇಳಿದಾಗ ಅವನು ನಂಬಲಿಲ್ಲ, ಮರುದಿನ ಎರಡು ಪಾಳಿಗಳ ನಡುವಿನ ಬಿಡುವಿನಲ್ಲಿ ಯೂನಿಫಾರ್ಮಿನಲ್ಲೇ ಅವಳ ನೆಲಮಾಳಿಗೆಗೆ ಬಂದ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವನು ಆ ಕೋಣೆ ನೋಡಿದ್ದು ಅದೇ ಮೊದಲು. "ಇದೇನೇ, ಬಾವಿಯೊಳಗೆ ಕೂತಂಗಿದೆ," ಅಂದ. ಅವಳು ಅವನ ತಲೆಗೆ ಹೆಡ್‌ಫೋನು ಹಾಕಿ, ಮೊದಲು ಹಳೆಯದನ್ನು, ಆಮೇಲೆ ಸರಿಮಾಡಿದ್ದನ್ನು ಹಾಕಿದಳು. ಅವನು ಇನ್ನೊಮ್ಮೆ ಹಾಕು ಅಂದ. ಮತ್ತೊಮ್ಮೆ ಅಂದ. ಹೆಡ್‌ಫೋನು ತೆಗೆದು ಕೊಟ್ಟ. ಮೆಟ್ಟಿಲು ಹತ್ತಿ ಹೊರಟುಹೋದ.

ಸಂಜೆ ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತ. ಸಿಂಕಕ್ಕ ಒಳಗಿನಿಂದ ಕಿವಿಗೊಟ್ಟಳು.

"ಅಪ್ಪ."

"ಏನು?"

"ಅವತ್ತು ನೀರು ಕೊಟ್ರಾ?"

"ಕೊಟ್ರು. ಫ್ಲಾಸ್ಕಿಂದು. ಬಿಸಿ ಇತ್ತು, ನಾಲಿಗೆ ಸುಟ್ಟಿತು."

ಮಗ ನಕ್ಕನೋ ಬಿಕ್ಕಿದನೋ, ಗೋಡೆಯ ಈಚೆಯಿಂದ ಅವಳಿಗೆ ತಿಳಿಯಲಿಲ್ಲ. ಅಷ್ಟೇ ಬೇಗ ದನಿ ಏರಿತು. "ಮತ್ತೆ ಹೇಳ್ಬಾರದಿತ್ತಾ? ನಾನಲ್ಲ ಅಂತ ಒಂದು ಮಾತು ಹೇಳ್ಬಾರದಿತ್ತಾ? ನಾನು ಯಾರ್ಯಾರ ಹತ್ರ ಏನೇನು ಅನ್ನಿಸ್ಕೊಂಡೆ ಗೊತ್ತಾ ನಿನಗೆ?"

"ಗೊತ್ತು."

"ಏನು ಗೊತ್ತು?"

"ಎಲ್ಲಾ ಗೊತ್ತು ಕಣೋ. ನಾನೇ ಅಂದ್ಕೊಂಡಿದ್ದೆ, ಏನು ಅಂತ ಹೇಳ್ಲಿ?"

ಅದರ ನಂತರ ಮನೆಯಲ್ಲಿ ಎರಡು ಪಕ್ಷವಾಯಿತು. ಅಪ್ಪ ಬಿಡು ಅನ್ನುತ್ತಾರೆ, ಮಗ ಸರಿಮಾಡಲೇಬೇಕು, ಊರಿಗೆಲ್ಲ ತಿಳಿಯಲೇಬೇಕು ಅನ್ನುತ್ತಾನೆ. ಅತ್ತ ದರಿ, ಇತ್ತ ಪುಲಿ, ನಡುವೆ ಸಿಂಕಕ್ಕ. ಕಚೇರಿಯಲ್ಲಿ ಯಂತ್ರ ಕೆಮ್ಮುತ್ತಿತ್ತು. ಮನೆಯಲ್ಲಿ ಗಂಡ, ಮಾವ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ಒಂದು ದಿನ ಸಾರು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೆ ಎತ್ತಿ ಹಾಕಿದಳು.

"ಕೇಳಿ ಇಬ್ರೂ. ನಂಗೆ ಸಾಕಾಗಿದೆ. ಸುತ್ತಿಗೆ ಬಿದ್ದಾಗ ಠಣ್ ಅನ್ಬೇಕು, ನನಗೆ ಗೊತ್ತಿರೋ ಧರ್ಮ ಅಷ್ಟೇ. ತಪ್ಪು ಅಂತ ಗೊತ್ತಿದ್ದೂ ತಪ್ಪಾಗೇ ಕಳಿಸೋಕೆ ನನ್ನ ಕೈ ಬರಲ್ಲ. ರೀ, ಊರಿಗೆ ಡಂಗುರ ಸಾರೋದು ನನ್ನ ಕೆಲಸ ಅಲ್ಲ, ಅದನ್ನ ನನ್ನ ಹತ್ರ ಕೇಳ್ಬೇಡಿ. ಮಾವ, ಉದ್ದಣ್ಣ ಇದನ್ನ ಟೀವೀಲಿ ನೋಡಿ ತಿಳ್ಕೋಬೇಕಾ, ನಿಮ್ಮಿಂದ ತಿಳ್ಕೋಬೇಕಾ, ಅದು ನೀವು ಯೋಚ್ನೆ ಮಾಡಿ."

ಅಷ್ಟು ಉದ್ದದ ಮಾತು ಅವಳು ಆ ಮನೆಯಲ್ಲಿ ಆಡಿರಲೇ ಇಲ್ಲ. ಮೂವರೂ ತಣ್ಣಗಾದ ಸಾರು ಉಂಡರು. ಕೈ ತೊಳೆಯುವಾಗ ಮಾವ, "ನನ್ನ ಕೋಟು ಎಲ್ಲಿದೆ ನೋಡಮ್ಮ," ಅಂದರು. "ನಾಳೆ ನೀನೂ ಬಾ. ಸದ್ದುಗಿದ್ದು ಅಂತ ವಿವರಿಸೋಕೆ ನನಗೆ ಬರಲ್ಲ."

ಉದ್ದಣ್ಣನ ಮನೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಮಾವ ಪ್ರತಿ ತಿರುವಿನಲ್ಲೂ ನಿಂತು, ಮೊಣಕಾಲು ಒತ್ತಿಕೊಂಡು ಹತ್ತಿದರು. ಇಷ್ಟು ವರ್ಷ ಉದ್ದಣ್ಣನೇ ಬರುತ್ತಿದ್ದನೇ ಹೊರತು ಇವರು ಇಲ್ಲಿಗೆ ಬಂದದ್ದಿಲ್ಲ. ಬಾಗಿಲು ತೆಗೆದ ಉದ್ದಣ್ಣ ಬನಿಯನಿನಲ್ಲಿದ್ದ. ಇವರನ್ನು ಕಂಡು ಗಾಬರಿಯಾಗಿ, "ಯಾರಿಗೇನಾಯ್ತು?" ಅಂದ.

"ಯಾರಿಗೂ ಏನೂ ಆಗಿಲ್ಲ. ಕೂತ್ಕೋ," ಅಂದರು ಮಾವ, ತಮ್ಮದೇ ಮನೆ ಅನ್ನುವ ಹಾಗೆ.

ಸಿಂಕಕ್ಕನೇ ಹೇಳಿದಳು. ಆದಷ್ಟು ಒಣಗಿಸಿ, ಲೆಕ್ಕದ ಮಾತಿನ ಹಾಗೆ ಹೇಳಿದಳು. ಉದ್ದಣ್ಣ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಗಿಡ್ಡವಾಗುತ್ತ ಹೋದ. ಅವನ ಹಿಂದೆ ಕಿಟಕಿಯಲ್ಲಿ ಒಣಹಾಕಿದ ಎರಡು ಕಾಲುಚೀಲ ಗಾಳಿಗೆ ಅಲ್ಲಾಡುತ್ತಿದ್ದವು.

"ಅದನ್ನ ನಾನು ಹೇಳಿದ್ದು ನನಗೆ ಗೊತ್ತು," ಅಂದ. "ಮರೆಯೋ ಮಾತಾ ಅದು?"

ಮಾವ ತಲೆ ಎತ್ತಿ ನೋಡಿದರು.

"ಟೀವೀಲಿ ನಿನ್ನ ಮುಖ ಬಂತು. ನಾನು ಹೇಳೋಕೆ ಮುಂಚೆ ನೀನೂ ಒಂದು ಸಲ ಹೇಳಿರ್ಬೇಕು, ನನಗೆ ಕೇಳಿಸಿಲ್ಲ ಅಂದ್ಕೊಂಡೆ. ಹಾಗಂದ್ಕೊಳ್ಳೋದು ಸುಲಭ ಇತ್ತು. ನೀನು ಬಂದು ಜಗಳ ಆಡ್ತೀಯ, ಆಗ ಒಪ್ಕೊಳ್ಳೋಣ ಅಂತ ಕಾದೆ. ನೀನು ಬರ್ಲೇ ಇಲ್ಲ. ನೀನೇ ಸುಮ್ಮನಿದ್ದೀಯ ಅಂದ್ಮೇಲೆ ನೀನೇ ಹೇಳಿರ್ಬೇಕು ಅಂತ ಗಟ್ಟಿ ಮಾಡ್ಕೊಂಡೆ. ಆದ್ರೂ ಭಾನುವಾರ ಬಂದ್ರೆ ಕಾಲು ನಿನ್ನ ಮನೆ ಕಡೆಗೇ ಹೋಗೋದು."

ಕೆಳಗೆ ಯಾರೋ ಸ್ಕೂಟರು ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಮಾವ ಈಗ ಎದ್ದು ಹೋಗುತ್ತಾರೆ ಅಂತ ಸಿಂಕಕ್ಕನಿಗೆ ಅನಿಸಿತು. ಅವರಿಗೂ ಹಾಗೇ ಅನಿಸಿರಬೇಕು. ಕುರ್ಚಿಯ ತೋಳಿಗೆ ಕೈ ಊರಿದರು, ಆದರೆ ಏಳಲಿಲ್ಲ. ಸಿಟ್ಟು ಬಂದಿತ್ತು, ಅವರ ಕಿವಿ ಕೆಂಪಗಾದದ್ದು ಅವಳಿಗೆ ಕಂಡಿತು.

"ನನ್ನ ಮಗನ ಹಲ್ಲು ಮುರಿದ್ರು ಕಣೋ," ಅಂದರು.

"ಗೊತ್ತು."

"ಗೊತ್ತಿದ್ದೂ ಬಂದು ಚಹಾ ಕುಡಿದೆ."

"ಕುಡಿದೆ," ಅಂದ ಉದ್ದಣ್ಣ. "ಬಯ್ಯೋದಾದ್ರೆ ಬಯ್ಯಿ. ಹೊಡಿಯೋದಾದ್ರೂ ಹೊಡಿ, ಬಗ್ತೀನಿ."

ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನ್ನನ್ನ ಹೊಡಿಯೋಕೆ ನನಗೆ ಏಣಿ ಬೇಕು," ಅಂದರು. "ಸಾಕು ಬಿಡು. ಮೆಟ್ಟಿಲು ಹತ್ತಿಯೇ ನನ್ನ ಉಸಿರು ಹೋಗಿದೆ." ಎದ್ದು ಬಾಗಿಲ ತನಕ ಹೋದವರು, ತಿರುಗದೆಯೇ, "ಯಾರು ಹೇಳಿದ್ರೂ ಒಂದೇ ಆಗ್ತಿತ್ತು. ನಾವೆಲ್ಲ ಮುಗಿದೋಗಿದ್ವಿ," ಅಂದರು.

ಇಳಿಯುವಾಗ ಅವಳ ಭುಜ ಹಿಡಿದುಕೊಂಡರು. ಅಷ್ಟು ಭಾರ ಅವರು ಅವಳ ಮೇಲೆ ಯಾವತ್ತೂ ಹಾಕಿರಲಿಲ್ಲ.

ಚಿತ್ರ ಒಂದು ಸಾಮಾನ್ಯ ದಿನದ ಮಧ್ಯಾಹ್ನ ಪ್ರಸಾರವಾಯಿತು. ಗಂಡ ರಜೆ ಹಾಕಿ ಕೂತು ನೋಡಿದ. ಹಳೆಯ ಬೀದಿಯವರ ನಂಬರುಗಳನ್ನೆಲ್ಲ ಹುಡುಕಿಟ್ಟುಕೊಂಡಿದ್ದ. ಒಬ್ಬೊಬ್ಬರಿಗೂ ಫೋನು ಮಾಡಿದ. ಒಬ್ಬ, ನಮ್ಮ ಮನೇಲಿ ಟೀವಿ ತೆಗೆದುಹಾಕಿದೀವಿ ಅಂದ. ಒಬ್ಬಳ ಮಗಳು, ಅಮ್ಮನಿಗೆ ಈಗ ಯಾರ ಗುರುತೂ ಸಿಗಲ್ಲ ಅಂದಳು. ಹಲ್ಲು ಮುರಿದ ಹುಡುಗರಲ್ಲಿ ಒಬ್ಬನಾಗಿದ್ದವನು ಈಗ ಮರಗೆಲಸದವನು, "ಯಾವ ಮುಗಿಸಪ್ಪ?" ಅಂತ ಕೇಳಿದ. ನೆನಪು ಮಾಡಿಕೊಟ್ಟ ಮೇಲೆ, "ಅಯ್ಯೋ, ಅದನ್ನ ಇನ್ನೂ ಇಟ್ಕೊಂಡಿದೀಯಾ ಮಾರಾಯ," ಅಂದು, ಆಮೇಲೆ, "ತಪ್ಪಾಯ್ತು ಕಣಪ್ಪ," ಅಂದ. ಗಂಡ ಫೋನು ಇಟ್ಟು, ಉಳಿದ ನಂಬರುಗಳ ಚೀ­ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

"ಇಷ್ಟೇನಾ?" ಅಂತ ಹೆಂಡತಿಯನ್ನು ಕೇಳಿದ.

"ಇನ್ನೇನಿರುತ್ತೆ ಅಂದ್ಕೊಂಡ್ರಿ?" ಅಂದಳು ಅವಳು, ಮೆತ್ತಗೆ.

ಆದರೆ ಅವತ್ತಿನಿಂದ ಅವನು ಊಟಕ್ಕೆ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದ. ಮಾತು ಹೆಚ್ಚೇನೂ ಆಗಲಿಲ್ಲ. ಒಮ್ಮೆ ಬಸ್ಸಿನಲ್ಲಿ ಕುರಿ ಹತ್ತಿಸಲು ಬಂದವನ ಕಥೆ ಹೇಳಿ ಅಪ್ಪನನ್ನು ನಗಿಸಿದ.

ಉದ್ದಣ್ಣ ಆ ಭಾನುವಾರ ಬರಲಿಲ್ಲ. ಮಾವ ಊಟವಾದ ಮೇಲೆ ಇಸ್ಪೀಟು ತೆಗೆದು, ಕಲೆಸಿ, ಒಬ್ಬರೇ ಹಾಕಿಕೊಂಡು ಆಡಿದರು. ಅದರ ಮುಂದಿನ ಭಾನುವಾರವೂ ಬರಲಿಲ್ಲ. "ಬರದಿದ್ರೆ ಹಾಳಾಗಿ ಹೋಗ್ಲಿ," ಅಂದರು ಮಾವ, ಯಾರೂ ಕೇಳದೆಯೇ. ಅದಾದ ಮೇಲೆ ಒಂದು ಭಾನುವಾರ, ಸಿಂಕಕ್ಕ ಪಾತ್ರೆ ತೊಳೆಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಗಂಡನೇ ಹೋಗಿ ತೆಗೆದ. ಉದ್ದಣ್ಣ ತಲೆ ಬಗ್ಗಿಸಿಕೊಂಡೇ ಹೊಸಿಲಿನ ಆಚೆ ನಿಂತಿದ್ದ. ಗಂಡ ಅವನನ್ನು ನೋಡಿದ. ಬಾಗಿಲ ಚೌಕಟ್ಟಿನಿಂದ ಕೈ ತೆಗೆಯಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ ಪಕ್ಕಕ್ಕೆ ಸರಿದ.

"ಮೊಣಕಾಲು ನೋವಿತ್ತು, ಅದಕ್ಕೆ ಬಂದಿರಲಿಲ್ಲ," ಅಂದ ಉದ್ದಣ್ಣ.

"ಮೊಣಕಾಲು ನನಗೆ ನೋಯೋದು, ನಿನಗಲ್ಲ," ಅಂತ ಒಳಗಿನಿಂದ ಮಾವನ ದನಿ ಬಂತು. "ಬಂದು ಇಸ್ಪೀಟೆಲೆ ಹಾಕು."

ಸಿಂಕಕ್ಕ ಚಹಾ ಮಾಡಿಕೊಟ್ಟಳು. ಉದ್ದಣ್ಣ ಸಕ್ಕರೆಯ ಮಾತೆತ್ತಲಿಲ್ಲ, ಅವಳೇ ಹಾಕಿದ್ದಳು. ಮರುದಿನ ಬೆಳಿಗ್ಗೆಗೆಂದು ನೆಲಮಾಳಿಗೆಯಲ್ಲಿ ಹಡಗುಕಟ್ಟೆಯ ಬಗೆಗಿನ ಯಾವುದೋ ಚಿತ್ರ ಕಾದಿತ್ತು, ಅದರ ಸದ್ದು ಅರ್ಧಕ್ಕರ್ಧ ಹಾಳಾಗಿದೆ ಅಂತ ಮುಖ್ಯಸ್ಥ ಹೇಳಿಕಳಿಸಿದ್ದ. ನಾಳೆಯದು ನಾಳೆಗೆ ಅಂದುಕೊಂಡು ಒಳಕೋಣೆಗೆ ಹೋಗಿ ಅಡ್ಡಾದಳು. ಗೋಡೆಯ ಆಚೆ ಮುದುಕರಿಬ್ಬರು ಯಾರೋ ಎಲೆ ಕದ್ದರು ಅಂತ ಕಿತ್ತಾಡುತ್ತಿದ್ದರು. ನಡುವೆ ಗಂಡನೂ ಬಾಯಿ ಹಾಕುತ್ತಿದ್ದ. ಯಾರು ಕದ್ದರು, ಯಾರು ಬಯ್ದರು ಅಂತ ಬಿಡಿಸಿ ಕೇಳುವ ಗೋಜಿಗೆ ಅವಳು ಹೋಗಲಿಲ್ಲ. ದಿಂಬನ್ನು ಕಿವಿಯ ಮೇಲೆ ಎಳೆದುಕೊಂಡಳು.